ಹನ್ನೆರಡರಲ್ಲಿ ಒಂದು

೧ ಜನವರಿ ೧೯೬೧, ರವಿವಾರ, ಶಿರಸಿ

ಸಂಜೆ ವಕೀಲ ರಘುಪತಿ ಹೆಗಡೆಯವರ ಜಗಲಿಯಲ್ಲಿ ಓದುಕೂಟ ಸೇರಿತ್ತು. ನನ್ನನ್ನು ಅದಕ್ಕೆ ಸೇರಿಸಿಕೊಂಡದ್ದು ಕಳೆದ ದೀಪಾವಳಿಯ ಹೊತ್ತಿಗೆ. ವಕೀಲರು, ಒಬ್ಬ ಡಾಕ್ಟರು, ಹೈಸ್ಕೂಲಿನ ಕಮಲಾಕರ ಮಾಸ್ತರರು, ಇಂಥವರ ನಡುವೆ ಜವಳಿ ಅಂಗಡಿಯ ನಾನು. ನಮ್ಮಪ್ಪ ಬನವಾಸಿ ಸುತ್ತಿನ ಹಳ್ಳಿಗಳಲ್ಲಿ ಬಟ್ಟೆಯ ಗಂಟನ್ನು ತಲೆಯ ಮೇಲೆ ಹೊತ್ತು ಮಾರಿದವನು. ಅವನ ಮಗ ಇವರ ಚಾಪೆಯ ಮೇಲೆ ಇವರ ಸಮಕ್ಕೆ ಕೂತು ಕಷಾಯ ಕುಡಿಯುತ್ತಾನೆಂಬುದೇ ನನಗೆ ದೊಡ್ಡ ಮಾತು.

ಹೊಸ ವರ್ಷಕ್ಕೆ ವಕೀಲರು ಒಂದು ನಿಯಮ ಮಾಡಿದರು. ಒಬ್ಬೊಬ್ಬರೂ ಈ ವರ್ಷ ಓದುವ ಪುಸ್ತಕಗಳ ಪಟ್ಟಿ ಮಾಡಬೇಕು. ಮೂರು ತಿಂಗಳಿಗೊಮ್ಮೆ ಎಷ್ಟು ಮುಗಿಯಿತೆಂದು ಕೂಟದ ಮುಂದೆ ಹೇಳಬೇಕು, ಮುಗಿದದ್ದರಲ್ಲಿ ಒಂದರ ಬಗ್ಗೆ ಮಾತಾಡಬೇಕು. ಡಾಕ್ಟರು ಆರು ಎಂದರು. ಮಾಸ್ತರರು ಹತ್ತು ಎಂದರು. ನನ್ನ ಸರದಿ ಬಂದಾಗ ಬಾಯಿಂದ ಹನ್ನೆರಡು ಎಂದು ಬಂದುಬಿಟ್ಟಿತು.

"ಭೇಷ್ ಮಧುಕೇಶ್ವರಪ್ಪನವರೇ! ವ್ಯಾಪಾರಸ್ಥರು ನಮ್ಮನ್ನು ಮೀರಿಸಿದರಲ್ಲ ಮಾರಾಯ್ರೆ," ಎಂದರು ವಕೀಲರು. ಹನ್ನೆರಡು ಹೆಸರು ನನಗೆಲ್ಲಿಂದ ಬರಬೇಕು? ಉಳಿದವರು ಹೇಳಿದವುಗಳಲ್ಲೇ ಆರಿಸಿ ಬರೆದುಕೊಂಡೆ.

ಮನೆಗೆ ಬಂದು ಪಟ್ಟಿಯನ್ನು ಹೆಂಡತಿ ನೀಲಗಂಗವ್ವನ ಮುಂದೆ ಓದಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, "ಹನ್ನೆರಡೂ ನೀವು ಓದವರು?" ಎಂದಳು.

"ಮತ್ತ ಯಾರು, ನಿಮ್ಮಪ್ಪ ಬಂದು ಓದತಾನೇನು?" ಎಂದೆ. ಅವಳು ನಕ್ಕಳು. ಅವಳ ನಗು ಮನಸ್ಸಿಗೆ ಚುಚ್ಚಿತು.

೨೨ ಜನವರಿ, ರವಿವಾರ

ಪುಸ್ತಕಗಳಿಗೆಂದು ಗಾಜಿನ ಬಾಗಿಲಿನ ಕಪಾಟು ಮಾಡಿಸಿದ್ದೇನೆ. ವಾಚನಾಲಯದಿಂದ ನಾಲ್ಕು ತಂದು ಇಟ್ಟೆ. ಕೆಂಪು ರಟ್ಟಿನದನ್ನು ಮೊದಲು ಹಿಡಿದಿದ್ದೇನೆ. ಊಟವಾದ ಮೇಲೆ ತೆರೆಯುತ್ತೇನೆ, ಎರಡು ಹಾಳೆ ತಿರುವುವಷ್ಟರಲ್ಲಿ ಕಣ್ಣು ಎಳೆಯುತ್ತದೆ. ಮರುದಿನ ಎಲ್ಲಿ ಬಿಟ್ಟಿದ್ದೆನೆಂಬುದು ನೆನಪಿರುವುದಿಲ್ಲ. ಮತ್ತೆ ಮೊದಲಿನಿಂದ. ಆ ಕಥೆಯ ಮೊದಲ ಪುಟದ ಮದುವೆ ಚಪ್ಪರವನ್ನು ನಾನು ಎಷ್ಟು ಸಲ ಹಾಕಿದೆನೋ, ಮದುವೆ ಮಾತ್ರ ಇನ್ನೂ ಆಗಿಲ್ಲ.

೧೯ ಫೆಬ್ರವರಿ, ರವಿವಾರ

ಇವತ್ತಿನದನ್ನು ಬರೆಯಲೂ ನಾಚಿಕೆ.

ಸಿದ್ದಾಪುರದಲ್ಲಿ ಮದುವೆ ಜವಳಿಯ ಮಾತಿತ್ತು. ಬಸ್ಸಿನಲ್ಲಾದರೂ ಓದೋಣವೆಂದು ಕೆಂಪು ಪುಸ್ತಕ ಒಯ್ದೆ. ಸತ್ಯ ಬರೆಯಬೇಕೆಂದರೆ, ಓದುವುದಕ್ಕಿಂತ ಕೈಯಲ್ಲಿ ಪುಸ್ತಕವಿರುವುದನ್ನು ನಾಲ್ಕು ಜನ ನೋಡಲಿ ಎಂಬುದಿತ್ತು. ರಟ್ಟು ಹೊರಗೆ ಕಾಣುವ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಪಕ್ಕದಲ್ಲಿ ಕೂತ ಗೃಹಸ್ಥರೊಬ್ಬರು ಅದನ್ನು ನೋಡಿ ಅರಳಿಬಿಟ್ಟರು.

"ಓಹೋ! ಇದನ್ನು ಓದ್ತಾ ಇದ್ದೀರಾ? ಆ ಸೋದರಮಾವ ತಿರುಗಿ ಬರ್ತಾನಲ್ಲ, ಅದು ನಿಮಗೆ ಸರಿ ಕಂಡಿತಾ?"

ಯಾವ ಸೋದರಮಾವ? ನಾನು ಚಪ್ಪರದಲ್ಲೇ ಇದ್ದೇನೆ. "ಅದs ವಿಚಾರ ಮಾಡಾಕತ್ತೇನ್ರಿ," ಎಂದೆ. ಅವರು ಬಿಡಲಿಲ್ಲ. ಸೋದರಮಾವ, ಅವನ ಆಸ್ತಿ, ಅವನ ಇನ್ನೊಬ್ಬಳು ಹೆಂಡತಿ, ಎಲ್ಲದಕ್ಕೂ ನನ್ನ ಅಭಿಪ್ರಾಯ ಬೇಕಂತೆ. ಕಾನಸೂರು ಬಂತು. "ನನ್ನ ಊರು ಬಂತ್ರಿ," ಎಂದು ಎದ್ದು ಇಳಿದುಬಿಟ್ಟೆ. ಟಿಕೀಟು ಸಿದ್ದಾಪುರದ್ದು. ಕಂಡಕ್ಟರು, "ಇನ್ನೂ ಮುಂದೆ ಉಂಟು!" ಎಂದು ಕೂಗಿದ. ಕೇಳಿಸದವನ ಹಾಗೆ ನಡೆದೆ. ಮುಂದಿನ ಬಸ್ಸಿನ ತನಕ ಒಂದು ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ, ಪುಸ್ತಕವನ್ನು ಚೀಲದೊಳಗೆ ಹಾಕಿಕೊಂಡು ಕೂತಿದ್ದೆ. ಕದ್ದ ಮಾಲು ಇಟ್ಟುಕೊಂಡವನು ಹೀಗೆಯೇ ಕೂರುತ್ತಿದ್ದಾನು.

೨೬ ಮಾರ್ಚ್, ರವಿವಾರ

ಬರುವ ರವಿವಾರ ಕೂಟದಲ್ಲಿ ಒಪ್ಪಿಸಬೇಕು. ಒಂದೂ ಮುಗಿದಿಲ್ಲ. ಜ್ವರ ಎಂದು ಹೇಳಿ ತಪ್ಪಿಸಿಕೊಳ್ಳೋಣವೆಂದರೆ ಡಾಕ್ಟರೇ ಕೂಟದಲ್ಲಿದ್ದಾರೆ.

ಇದೇ ಚಿಂತೆಯಲ್ಲಿ ಅಂಗಡಿ ಮುಚ್ಚಿ ಹೊತ್ತಿಗೆ ಮೊದಲೇ ಊಟಕ್ಕೆ ಬಂದೆ. ನೀಲಗಂಗವ್ವ ಹಿತ್ತಲ ಬಾಗಿಲಲ್ಲಿ ಬೆನ್ನು ಕೊಟ್ಟು ಕೂತಿದ್ದಳು. ಒಲೆಯ ಮೇಲೆ ಬೇಳೆ ಸೀದು ವಾಸನೆ ಬರುತ್ತಿತ್ತು. ನನ್ನ ಹೆಜ್ಜೆ ಕೇಳಿ ಏನನ್ನೋ ಸೆರಗಿನೊಳಗೆ ತೂರಿಸಿದಳು. "ಏನದು?" ಎಂದೆ. ಹೊರಗೆ ತೆಗೆದಳು. ನನ್ನ ಕಪಾಟಿನ ಪುಸ್ತಕ, ಹಸಿರು ರಟ್ಟಿನದು.

"ಒಮ್ಮೆ ನೋಡೂಣು ಅಂತ ತಗದಿದ್ದೆ," ಎಂದಳು. "ದಿನಾ ಮಕ್ಕಳು ಸಾಲಿಗೆ ಹೋದಿಂದ ಮನಿ ಬಿಕೋ ಅಂತೈತಿ."

"ಎಷ್ಟು ಓದೀದಿ?"

"ಇದು ಮುಗೀತ ಬಂತ್ರಿ."

"ಇದೊಂದೇ?"

ಅವಳು ತಲೆ ತಗ್ಗಿಸಿದಳು. ಕೆಂಪು ರಟ್ಟಿನದು ಮುಗಿದಿದೆ. ಕಪ್ಪು ರಟ್ಟಿನದು ಮುಗಿದಿದೆ. ಅವಳು ಓದಿದ್ದು ನಾಲ್ಕನೇ ಇಯತ್ತೆ. ನಾನು ಏಳನೆಯದರ ಮುಲ್ಕಿ ಪರೀಕ್ಷೆ ಪಾಸಾದವನು. ಸಿಟ್ಟು ಮಾಡಲು ಕಾರಣ ಹುಡುಕಿದೆ, ಸಿಗಲಿಲ್ಲ. ಬೇಳೆ ಸೀದದ್ದಕ್ಕೆ ಬೈದೆ.

೧ ಏಪ್ರಿಲ್, ಶನಿವಾರ

ಊಟಕ್ಕೆ ಕೂತಾಗ ಪರೀಕ್ಷೆ ಮಾಡುವವನ ಹಾಗೆ ಕೇಳಿದೆ. "ಓದೇನಿ ಅಂತೀಯಲ್ಲ, ಆ ಕೆಂಪು ಪುಸ್ತಕದಾಗ ಏನೈತಿ ಹೇಳು ನೋಡೂಣು."

ಮೊದಲು ನಾಚಿದಳು. ಆಮೇಲೆ ಹೇಳತೊಡಗಿದಳು. ಬಡಿಸುತ್ತ ಹೇಳಿದಳು, ಬಡಿಸುವುದನ್ನು ಮರೆತು ಹೇಳಿದಳು. ಸೋದರಮಾವ ತಿರುಗಿ ಬಂದಾಗ ಆ ಮನೆಯ ಹೆಂಗಸರು ಯಾರು ಯಾರ ಮುಖ ನೋಡಿದರು, ಯಾರು ನೀರು ತರುವ ನೆವದಿಂದ ಒಳಗೆ ಹೋದರು, ಎಲ್ಲ ನಮ್ಮ ಪಕ್ಕದ ಮನೆಯಲ್ಲಿ ನಡೆದ ಹಾಗೆ ಹೇಳಿದಳು. ನನ್ನ ಕೈ ಒಣಗಿತ್ತು. "ಏಳ್ರಿ, ಅಂಗಡಿ ತಗಿಯೂ ಹೊತ್ತಾತು," ಎಂದಾಗ ಎಚ್ಚರವಾಯಿತು.

೨ ಏಪ್ರಿಲ್, ರವಿವಾರ

ಮೂರು ಮುಗಿದಿವೆ ಎಂದೆ.

ಕೆಂಪು ಪುಸ್ತಕದ ಬಗ್ಗೆ ಮಾತಾಡಿದೆ. ಅವಳು ಹೇಳಿದ್ದನ್ನು ಹೇಳಿದೆ, ನೀರು ತರುವ ನೆವದ್ದನ್ನೂ ಬಿಡಲಿಲ್ಲ. ಕಮಲಾಕರ ಮಾಸ್ತರರು ಕಷಾಯದ ಲೋಟ ಕೆಳಗಿಟ್ಟು ಕೇಳಿದರು. ಮುಗಿದ ಮೇಲೆ ವಕೀಲರು, "ನಾವು ಓದ್ತೇವೆ, ನೀವು ಆ ಮನೆಯೊಳಗೆ ಹೊಕ್ಕು ಬಂದಿದ್ದೀರಿ," ಎಂದರು.

ಮನೆಗೆ ಬರುವಾಗ ಕಿವಿ ಬಿಸಿಯಾಗಿತ್ತು. ಹೊಗಳಿಕೆಗೋ ನಾಚಿಕೆಗೋ ಎಂದು ಕೇಳಿಕೊಂಡೆ. ಎರಡಕ್ಕೂ.

೧೪ ಮೇ, ರವಿವಾರ

ಈಗ ಹೀಗಾಗಿದೆ. ವಾಚನಾಲಯದಿಂದ ನಾನು ತರುತ್ತೇನೆ, ಅವಳು ಓದುತ್ತಾಳೆ, ಮಧ್ಯಾಹ್ನದ ಊಟದ ಹೊತ್ತಿಗೆ ನನಗೆ ಹೇಳುತ್ತಾಳೆ. ಪಟ್ಟಿಯಲ್ಲಿ ಗೀಟು ಎಳೆಯುವವನು ನಾನು. ಯಾಕೆ ಕೇಳುತ್ತೇನೆಂದು ಅವಳಿಗೆ ಹೇಳಿಲ್ಲ.

ನಿನ್ನೆ ಒಬ್ಬ ಗಿರಾಕಿ ಗುಳೇದಗುಡ್ಡದ ಕುಪ್ಪಸದ ಖಣ ಆರಿಸುತ್ತ ಆರಿಸುತ್ತ ಊಟದ ಹೊತ್ತು ಮೀರಿಸಿದಳು. ನನಗೆ ಒಳಗೊಳಗೇ ಚಡಪಡಿಕೆ. ಕಥೆಯಲ್ಲಿ ಅಣ್ಣತಮ್ಮಂದಿರು ಪಾಲಾಗುವ ಹಂತಕ್ಕೆ ಬಂದು ನಿಂತಿತ್ತು. ಮೂರು ಖಣ ಮಾರುವುದು ಬಿಟ್ಟು ಒಂದನ್ನೇ ಕಟ್ಟಿ ಕೊಟ್ಟು ಬಾಗಿಲು ಎಳೆದೆ. ಮನೆಗೆ ಹೋದರೆ ನೀಲಗಂಗವ್ವ, "ಇವತ್ತು ಓದಾಕ ಆಗ್ಲಿಲ್ರಿ, ಸಿದ್ದವ್ವ ಬಂದು ಕೂತಿದ್ಲು," ಎಂದಳು. ಪಕ್ಕದ ಮನೆಯ ಸಿದ್ದವ್ವನ ಮೇಲೆ ಇಡೀ ದಿನ ಸಿಟ್ಟಾಗಿದ್ದೆ. ಇದೆಲ್ಲ ಪಟ್ಟಿ ಮುಗಿಯಬೇಕೆಂಬ ಆತುರ, ಬೇರೇನಲ್ಲ.

೨ ಜುಲೈ, ರವಿವಾರ

ಎರಡನೆಯ ಸಲ ಒಪ್ಪಿಸಿದೆ. ಏಳು ಎಂದೆ. ಮಾಸ್ತರರದು ನಾಲ್ಕೇ ಆಗಿತ್ತು. ಅವರು ತಲೆ ಕೆರೆದುಕೊಂಡಾಗ ನನಗೆ ನೆಲದೊಳಗೆ ಇಳಿದುಹೋಗೋಣವೆನಿಸಿತು. ಅವರು ಓದಿದ ನಾಲ್ಕನ್ನೂ ನಿಜವಾಗಿ ಓದಿದವರು.

ಮೂರನೆಯ ಸಲದ ಒಪ್ಪಿಸುವಿಕೆಯ ಬದಲಿಗೆ, ದಸರೆ ಮುಗಿದ ಮೇಲೆ ಯಲ್ಲಾಪುರದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಊರಿನ ಓದುಕೂಟಗಳ ಸಭೆಯಂತೆ. ಶಿರಸಿಯ ಪರವಾಗಿ ನಾನು ಮಾತಾಡಬೇಕೆಂದು ವಕೀಲರು ಹೇಳಿದರು. ಪಟ್ಟಿಯಲ್ಲಿರುವ ದೊಡ್ಡ ಕಾದಂಬರಿಯ ಬಗ್ಗೆ, ಆ ನೀಲಿ ರಟ್ಟಿನದು, ಹೊಳೆ ದಂಡೆಯ ಮನೆಯ ಸೊಸೆ ಚಂಪಾಳ ಕಥೆ. ಬೇಡವೆನ್ನಬೇಕಿತ್ತು. ಒಳಗಿನಿಂದ ವಕೀಲರ ಹೆಂಡತಿ ವಿನೋದಾ ಬಾಯಿಯವರು ಗಂಡನಿಗೆ ತಮ್ಮ ಹವ್ಯಕ ಮಾತಿನಲ್ಲಿ, "ಅವ್ರಿಗೆ ಇನ್ನೊಂದು ಲೋಟ ಬೇಕಾ ಕೇಳಿ, ಆನು ತರ್ತೆ," ಎಂದದ್ದು ಕೇಳಿಸಿತು. ಇಷ್ಟು ಮರ್ಯಾದೆ ಕೊಡುವ ಮನೆಯಲ್ಲಿ ಬೇಡವೆನ್ನುವುದು ಹೇಗೆ? ಹೂಂ ಎಂದೆ.

ಮನೆಯಲ್ಲಿ ನೀಲಗಂಗವ್ವ ಕೇಳಿದಳು, "ನಾ ಹೇಳಿದ್ದನ್ನ ನೀವು ಅಲ್ಲಿ ಹೇಳ್ತೀರಂತ? ಸಿದ್ದವ್ವ ಹೇಳಿದ್ಲು. ವಕೀಲರ ಮನಿ ಕೆಲಸದಾಕಿ ಆಕೀಗೆ ಹೇಳ್ಯಾಳ."

"ನಾನೂ ಓದೇನಿ," ಎಂದೆ. "ನೀ ಹೇಳಿದ್ದನ್ನ ಬರೇ ತಾಳೆ ನೋಡೂದು."

ಅವಳು ಕಪಾಟಿನ ಕಡೆ ನೋಡಿದಳು. ಕೆಂಪು ಪುಸ್ತಕದೊಳಗೆ ನಾನು ಗುರುತಿಗಿಟ್ಟ ಅಂಗಡಿಯ ಚೀಟಿ, ಜನವರಿಯಿಂದ, ಚಪ್ಪರದ ಪುಟದಲ್ಲೇ ನಿಂತಿತ್ತು. ಆ ಪುಸ್ತಕವನ್ನು ಇನ್ನೂ ವಾಪಸು ಕೊಟ್ಟಿರಲಿಲ್ಲ.

೨೦ ಆಗಸ್ಟ್, ರವಿವಾರ

ಚಂಪಾಳ ಕಥೆ ನಿಧಾನವಾಗಿ ಸಾಗಿದೆ. ಉಳಿದವನ್ನು ಮೂರು ವಾರಕ್ಕೊಂದರಂತೆ ಓದಿದವಳು ಇದನ್ನು ಎತ್ತುತ್ತಾಳೆ, ಇಡುತ್ತಾಳೆ. ಅರ್ಧ ಕಥೆ ಹೇಳಿದ್ದಾಳೆ. ಗಂಡ ಪರ ಊರಲ್ಲಿ, ಅತ್ತೆಯ ಮಾತು ಚುಚ್ಚುವಂಥದ್ದು, ಚಂಪಾ ದಿನವೂ ಹೊಳೆಗೆ ಕೊಡ ಒಯ್ಯುತ್ತಾಳೆ. "ಮುಂದ?" ಎಂದರೆ, "ಇನ್ನೂ ಓದಿಲ್ರಿ," ಎನ್ನುತ್ತಾಳೆ. ಮನೆಗೆಲಸದ ನೆವ ಹೇಳುತ್ತಾಳೆ. ಮೊದಲೂ ಮನೆಗೆಲಸ ಇತ್ತಲ್ಲ!

೧೫ ಅಕ್ಟೋಬರ್, ರವಿವಾರ

ಸಭೆಗೆ ಒಂದೇ ವಾರ. ಇವತ್ತು ಒತ್ತಾಯ ಮಾಡಿ ಕೇಳಿದೆ. "ಕೊನೀಗೆ ಏನಾತು?"

ಅವಳು ಸಾರಿನ ಪಾತ್ರೆ ಕೆಳಗಿಟ್ಟು ಹೇಳಿದಳು. ಚಂಪಾ ಮಳೆಗಾಲದ ಒಂದು ಬೆಳಗ್ಗೆ ಹೊಳೆಗೆ ಹೋಗುತ್ತಾಳೆ. ನೀರು ಏರಿದೆ. ಕೊಡವನ್ನು ದಂಡೆಯ ಮೇಲಿಟ್ಟು ನಿಲ್ಲುತ್ತಾಳೆ. ಆಗ ಅಂಬಿಗನ ದೋಣಿ ಬರುತ್ತದೆ. ಅವನು ಏನೂ ಕೇಳುವುದಿಲ್ಲ, ಕೈ ಕೊಡುತ್ತಾನೆ. ಆಚೆ ದಂಡೆಯಲ್ಲಿ ಅವನ ತಂಗಿಯ ಮನೆ. ಆ ಮನೆಯವಳು ಒದ್ದೆ ಸೀರೆ ನೋಡಿ, ಒಣಗಿದ ಸೀರೆಯೊಂದನ್ನು ಕೊಟ್ಟು, "ಮೊದಲ ಉಣ್ಣು," ಎನ್ನುತ್ತಾಳೆ. ಅಲ್ಲಿಗೆ ಮುಗಿಯಿತು.

"ಮೊದಲ ಉಣ್ಣು" ಎಂಬ ಮಾತಿಗೆ ನನ್ನ ತುತ್ತು ತಟ್ಟೆಯಲ್ಲೇ ಉಳಿಯಿತು. ಎಂಥ ಕೊನೆ! ಇದನ್ನು ಹೇಳಿದರೆ ಸಭೆ ಅಲ್ಲಾಡುತ್ತದೆ.

೨೩ ಅಕ್ಟೋಬರ್, ಸೋಮವಾರ

ನಿನ್ನೆಯದನ್ನು ಬರೆಯುತ್ತಿದ್ದೇನೆ. ಬರೆಯದಿದ್ದರೆ ನಡೆಯಲಿಲ್ಲವೆಂದು ನನಗೆ ನಾನೇ ಹೇಳಿಕೊಂಡೇನು.

ಯಲ್ಲಾಪುರದ ಶಾಲೆಯ ಕೋಣೆ ತುಂಬಿತ್ತು. ಹಿಂದೆ ಹೆಂಗಸರ ಸಾಲು. ವಿನೋದಾ ಬಾಯಿಯವರ ತವರು ಅದೇ ಊರಂತೆ, ಅವರೂ ಕೂತಿದ್ದರು. ನಾನು ಚೆನ್ನಾಗಿಯೇ ಮಾತಾಡಿದೆ. ಅತ್ತೆಯ ಮಾತು ಹೇಳಿದಾಗ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಕೊನೆಗೆ ದೋಣಿ, ಆಚೆ ದಂಡೆ, ಒಣಗಿದ ಸೀರೆ. ಸದ್ದಿಲ್ಲದೆ ಕೇಳಿದರು.

ಆಗ ಮುಂದಿನ ಸಾಲಿನಲ್ಲಿ ಆ ಊರಿನ ಮಾಸ್ತರರು, ವಿಘ್ನೇಶ್ವರ ಎಂದು ಹೆಸರು, ಎದ್ದು ನಿಂತರು. ಬಹಳ ವಿನಯದಿಂದಲೇ, "ತಪ್ಪು ತಿಳಿಯಬೇಡಿ. ಚಂಪಾ ಹೊಳೆ ದಾಟುವುದಿಲ್ಲವಲ್ಲ. ಅವಳು ಮುಳುಗಿ ಸಾಯ್ತಾಳೆ," ಎಂದರು.

ಅಲ್ಲಿಗೆ ಸುಮ್ಮನಾಗಿದ್ದರೆ ಉಳಿಯುತ್ತಿದ್ದೆ. "ಇಲ್ರಿ, ದಾಟತಾಳ. ನಾನು ಓದೇನಿ," ಎಂದೆ. ಎರಡು ಸಲ ಎಂದೆ. ಯಾರೋ ಕಪಾಟಿನಿಂದ ಪುಸ್ತಕ ತೆಗೆದು ತಂದರು. ವಿಘ್ನೇಶ್ವರ ಮಾಸ್ತರರು ಕೊನೆಯ ಸಾಲುಗಳನ್ನು ಗಟ್ಟಿಯಾಗಿ ಓದಿದರು. ದೋಣಿ ಇಲ್ಲ. ಅಂಬಿಗನಿಲ್ಲ. ದಂಡೆಯ ಮೇಲೆ ಖಾಲಿ ಕೊಡ ಮಾತ್ರ.

ಮೊದಲು ಹಿಂದಿನಿಂದ ಒಬ್ಬ ನಕ್ಕ. ಆಮೇಲೆ ಬಹಳ ಜನ ನಕ್ಕರು. ವಕೀಲರು ಎದ್ದು, "ನಮ್ಮ ಮಧುಕೇಶ್ವರಪ್ಪನವರಿಗೆ ಸಿಕ್ಕಿದ್ದು ಬೇರೆ ಮುದ್ರಣ ಇರಬೇಕು," ಎಂದು ನನ್ನನ್ನು ಕಾಯಲು ನೋಡಿದರು. ನಗು ಇನ್ನೂ ಏರಿತು. ವಿನೋದಾ ಬಾಯಿಯವರು ನಗಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಅದು ನಗುವಿಗಿಂತ ಹೆಚ್ಚು ಸುಟ್ಟಿತು. ತಿರುಗಿ ಬರುವಾಗ ಬಸ್ಸಿನಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ, ನನಗೆ ಮುಜುಗರವಾದೀತೆಂದು. ಬೇಡ್ತಿ ಹೊಳೆ ದಾಟುವಾಗ ಕಿಟಕಿಯಿಂದ ಮುಖ ತಿರುಗಿಸಿ ಕೂತೆ.

ಮನೆಗೆ ಬಂದವನೇ, ಅವಳು ನೀರು ಕೊಡಲು ಬಂದರೆ ಚೊಂಬನ್ನು ಕೈಯಿಂದ ಸರಿಸಿದೆ.

"ನಾಲ್ಕನೇ ಇಯತ್ತೆ ಓದಿದಾಕಿಗೆ ಪುಸ್ತಕ ಯಾಕ ಬೇಕಾಗಿತ್ತು? ಸುಳ್ಳು ಹೇಳಿ ಮೂರು ಊರಿನ ಮುಂದ ನನ್ನ ಮಾನ ಕಳದಿ!"

ಏನಾಯಿತೆಂದು ಕೇಳಿದಳು. ಹೇಳಿದೆ. ಅವಳು ಚೊಂಬನ್ನು ಕೆಳಗಿಟ್ಟಳು.

"ನೀವು ಓದಿದ್ರ ಗೊತ್ತಾಗತಿತ್ತಲ್ರಿ," ಎಂದಳು.

ಮಾತು ನಿಜವಿದ್ದದ್ದಕ್ಕೇ ಇನ್ನಷ್ಟು ಕೂಗಿದೆ. "ಯಾಕ ಸುಳ್ಳು ಹೇಳಿದಿ? ಅದನ್ನ ಹೇಳು!"

"ಆಕಿ ಹೊಳಿ ದಂಡಿಗೆ ಹೋಗಿ ನಿಂತ್ಲು. ಅಲ್ಲಿಗೆ ಪುಸ್ತಕ ಮುಚ್ಚಿದೆ. ಮುಂದ ಓದ್ಲಿಲ್ಲ, ಮುಂದಿಂದು ನನಗ ಬ್ಯಾಡಾತು. ನೀವು ಬಿಡದ ಕೇಳಿದ್ರಿ, ಆಕೀನ ದಾಟಿಸಿದೆ." ಅವಳು ನನ್ನನ್ನು ನೇರ ನೋಡಿದಳು. "ಒಬ್ಬಾಕೀನ ನೀರಿನಿಂದ ತಗದದ್ದನ್ನ ಕಣ್ಣಾರೆ ನೋಡೇನಿ. ಇನ್ನೊಬ್ಬಾಕೀದನ್ನ ಪುಸ್ತಕದಾಗ ಬ್ಯಾರೆ ಓದಬೇಕೇನ್ರಿ?"

ಒಳಗೆ ಹೋದಳು. ನಾನು ನಿಂತಲ್ಲೇ ನಿಂತೆ. ಯಾರ ಮಾತು ಎಂದು ಹೊಳೆಯಲು ಹೊತ್ತು ಹಿಡಿಯಿತು. ಅದನ್ನೂ ಬರೆಯುತ್ತೇನೆ. ಹೊತ್ತು ಹಿಡಿಯಿತು.

ಅವಳ ತಂಗಿ ಮುರಿಗೆವ್ವ. ನಮ್ಮ ಮದುವೆಯಾದ ಎರಡನೆಯ ವರ್ಷ ಗಂಡನ ಮನೆಯ ಊರಿನ ಕೆರೆಯಲ್ಲಿ ಸಿಕ್ಕಳು. ನೀಲಗಂಗವ್ವ ಆಗ ತಂಗಿಯನ್ನು ನೋಡಲೆಂದು ಆ ಊರಿಗೇ ಹೋಗಿದ್ದಳು. ಕಾಲು ಜಾರಿತು ಎಂದು ಅವರ ಮನೆಯವರು ಹೇಳಿದರು. ಎರಡೂ ಕಡೆಯ ಹಿರಿಯರು ಹಾಗೆಯೇ ಆಗಲಿ ಎಂದರು. ಆಮೇಲೆ ನಮ್ಮ ಮನೆಯಲ್ಲಿ ಆ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ನಾನು ಒಂದು ಸಲವೂ ಕೇಳಲಿಲ್ಲ.

೨೪ ಅಕ್ಟೋಬರ್, ಮಂಗಳವಾರ

ಅಂಗಡಿಗೆ ಹೋದೆ. ಬಂದೆ.

೧ ನವೆಂಬರ್, ಬುಧವಾರ

ಅವಳು ಬಡಿಸುತ್ತಾಳೆ, ನಾನು ಉಣ್ಣುತ್ತೇನೆ. ಮಕ್ಕಳ ಮುಂದೆ ಬೇಕಿದ್ದಷ್ಟೇ ಮಾತು ಇದೆ. ಕಪಾಟಿನ ಗಾಜಿಗೆ ಧೂಳು ಕೂತಿದೆ. ಮೊದಲು ಮೂರು ದಿನಕ್ಕೊಮ್ಮೆ ಒರೆಸುತ್ತಿದ್ದಳು. ಇವತ್ತು ಊಟದ ನಡುವೆ, "ಆ ಕಪ್ಪು ಪುಸ್ತಕದ ಮುದುಕ ಕೊನೀಗೆ ತಿರುಪತಿಗೆ ಹೋದನೇನು?" ಎಂದು ಕೇಳಿದೆ. "ನನಗೇನು ಗೊತ್ತು, ನಾಲ್ಕನೇ ಇಯತ್ತೆ," ಎಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಯಲ್ಲಾಪುರದ ನಗು ಈಗ ನೆನಪಾಗುವುದು ಕಡಿಮೆ. ಚೊಂಬು ಸರಿಸಿದ್ದು ನೆನಪಾಗುತ್ತದೆ.

೧೨ ನವೆಂಬರ್, ರವಿವಾರ

ದೀಪಾವಳಿಯ ವ್ಯಾಪಾರ ಮುಗಿಯಿತು. ಗಿರಾಕಿಗಳ ನಡುವೆ, ಮಂಜರಪಾಟು ಬಟ್ಟೆಯ ಥಾನುಗಳ ಹಿಂದೆ ನೀಲಿ ಪುಸ್ತಕ ಇಟ್ಟುಕೊಂಡಿದ್ದೆ. ಮೊದಲ ಸಾಲಿನಿಂದ ಹಿಡಿದಿದ್ದೇನೆ. ಬೆರಳಿಟ್ಟು ಓದುತ್ತೇನೆ, ಸಾಲಿ ಹುಡುಗರ ಹಾಗೆ. ಯಾರಾದರೂ ಬಂದರೆ ಮುಚ್ಚುತ್ತೇನೆ, ಈಗ ಕಾಣಬಾರದೆಂದು. ನಿದ್ದೆ ಬರುತ್ತದೆ, ಎದ್ದು ಕಣ್ಣಿಗೆ ನೀರು ಹಾಕಿಕೊಂಡು ಮತ್ತೆ ಕೂರುತ್ತೇನೆ. ಅತ್ತೆಯ ಒಂದು ಮಾತು ನೀಲಗಂಗವ್ವ ನನಗೆ ಹೇಳಿಯೇ ಇರಲಿಲ್ಲ. "ನಿನ್ನಂಥವಳಿಗೆ ಹೊಳೆಯೇ ಸರಿ," ಎನ್ನುತ್ತಾಳೆ ಆಕೆ. ನೀಲಗಂಗವ್ವ ಇದನ್ನು ಓದಿ ಮತ್ತೆ ಮಧ್ಯಾಹ್ನ ನನಗೆ ಅನ್ನ ಬಡಿಸಿದ್ದಾಳೆ.

ಪಟ್ಟಿ ಎಲ್ಲಿ ಇಟ್ಟೆನೋ ಗೊತ್ತಿಲ್ಲ. ಹುಡುಕಲಿಲ್ಲ.

೨೬ ನವೆಂಬರ್, ರವಿವಾರ

ಚಂಪಾ ಕೊಡ ಇಟ್ಟು ದಂಡೆಯ ಮೇಲೆ ನಿಂತಲ್ಲಿಗೆ ನಿನ್ನೆ ಬಂದೆ. ಉಳಿದದ್ದು ಎರಡು ಹಾಳೆ. ಒಬ್ಬನೇ ಓದಲು ಮನಸ್ಸಾಗಲಿಲ್ಲ.

ಇವತ್ತು ಮಧ್ಯಾಹ್ನ ಊಟವಾದ ಮೇಲೆ ಅವಳು ಹಿತ್ತಲ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಹೋಗಿ ಎದುರಿಗೆ ಕೂತೆ. "ನೀ ಬಿಟ್ಟಲ್ಲಿಗೆ ನಾನು ಬಂದೇನಿ," ಎಂದೆ. ಪುಸ್ತಕ ನೋಡಿದಳು.

"ಪೂರಾ ಓದಿದ್ರಿ?"

"ಅಲ್ಲೀ ತನಕ."

ಮೊರದಲ್ಲಿನ ಅಕ್ಕಿಯನ್ನು ಅತ್ತ ಇತ್ತ ಮಾಡಿದಳು. "ಮುಂದ ಓದ್ರಿ," ಎಂದಳು.

"ಬ್ಯಾಡಂದ್ರ ಬ್ಯಾಡ."

"ಓದ್ರಿ. ನಾ ಇಲ್ಲೇ ಕೂತೇನಿ."

ಗಟ್ಟಿಯಾಗಿ ಓದಿದೆ. ತಡವರಿಸಿದೆ. ಒಂದು ಕಡೆ ಕಣ್ಣು ಮಂಜಾಗಿ ಒಂದೇ ಸಾಲನ್ನು ಎರಡು ಸಲ ಓದಿದೆ, ಅವಳು ತಿದ್ದಲಿಲ್ಲ. ಖಾಲಿ ಕೊಡದವರೆಗೆ ಓದಿ ನಿಲ್ಲಿಸಿದೆ.

ಅವಳು ಅಳಲಿಲ್ಲ. ಮೊರವನ್ನು ಪಕ್ಕಕ್ಕಿಟ್ಟು, "ಮುರಿಗಿ ಕೊಡ ಒಯ್ದಿರ್ಲಿಲ್ಲ," ಎಂದಳು. "ಕೊಡ ಮನ್ಯಾಗs ಇತ್ತು. ಕಾಲು ಜಾರಿದಾಕಿ ಕೊಡ ಬಿಟ್ಟು ಕೆರಿಗೆ ಯಾಕ ಹೋಗ್ತಾಳ್ರಿ? ನಾ ಅವತ್ತs ಅಪ್ಪಗ ಹೇಳಿದೆ. ಬಾಯಿ ಮುಚ್ಚು ಅಂದ್ರು."

ಆಮೇಲೆ ಮಾತು ತಾನೇ ಬಂತು. ಮುರಿಗೆವ್ವ ಹುಳಿ ಮಾವಿನಕಾಯಿಗೆ ಉಪ್ಪು ಬೇಡವೆನ್ನುತ್ತಿದ್ದದ್ದು. ಅಕ್ಕನ ಜಡೆ ತನ್ನದಕ್ಕಿಂತ ಉದ್ದವೆಂದು ಅತ್ತದ್ದು. ಮದುವೆಯಾದ ಮೇಲೆ ಒಂದು ಸಲ ತವರಿಗೆ ಬಂದಾಗ ಯಾರೊಂದಿಗೂ ಮಾತಾಡದೆ ಎರಡು ದಿನ ಬರೀ ಮಲಗಿದ್ದದ್ದು. ಮಕ್ಕಳು ಆಟ ಮುಗಿಸಿ ಬರುವ ತನಕ ಹೇಳಿದಳು. ನಾನು "ಮುಂದ?" ಎನ್ನಲಿಲ್ಲ. ಅನ್ನಬೇಕಾಗಿರಲಿಲ್ಲ.

ಅಂಗಡಿಯ ಬಾಗಿಲು ಇವತ್ತು ಸಂಜೆ ತೆಗೆಯಲೇ ಇಲ್ಲ. ಈಗ ಬರೆಯುವಾಗ ಅದು ನೆನಪಾಯಿತು.

೩೧ ಡಿಸೆಂಬರ್, ರವಿವಾರ

ಯಲ್ಲಾಪುರದ ನಂತರ ವಕೀಲರ ಜಗಲಿ ಹತ್ತಿರಲಿಲ್ಲ. ಇವತ್ತು ವರ್ಷದ ಕೊನೆಯ ಒಪ್ಪಿಸುವಿಕೆ. ಹೋಗದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಹೋದೆ.

ಮಾಸ್ತರರದು ಒಂಬತ್ತು. ಡಾಕ್ಟರರದು ಐದು. ವಕೀಲರು ನನ್ನ ಸರದಿಯನ್ನು ಮೆಲ್ಲಗೆ ದಾಟಿಸಿ ಮುಂದೆ ಹೋಗಲಿದ್ದರು. ನಾನೇ ಎದ್ದೆ.

"ಒಂದು," ಎಂದೆ. "ನಾನು ಓದಿದ್ದು ಒಂದು. ಅದನ್ನೂ ಯಲ್ಲಾಪುರದಿಂದ ಬಂದ ಮ್ಯಾಲೆ ಓದೇನ್ರಿ. ಹಿಂದ ಏಳು ಅಂದದ್ದು ಸುಳ್ಳು. ಅವನ್ನ ಓದಿದಾಕಿ ನನ್ನ ಹೆಂಡತಿ, ನೀಲಗಂಗವ್ವ. ನೀವು ಹೊಗಳಿದ್ದೆಲ್ಲ ಆಕೀ ಮಾತು. ಚಂಪಾನ್ನ ಹೊಳಿ ದಾಟಿಸಿದಾಕಿನೂ ಆಕೀನೇ."

ಯಾರೂ ನಗಲಿಲ್ಲ, ಯಾರೂ ಸಮಾಧಾನವನ್ನೂ ಹೇಳಲಿಲ್ಲ. ಡಾಕ್ಟರು ಮುಂಡಾಸು ಸರಿಮಾಡಿಕೊಂಡರು. ಮಾಸ್ತರರ ಮುಖ ಕೆಂಪಾಗಿತ್ತು. ಅವರಿಗೆ ನಾನು ಮೋಸ ಮಾಡಿದ್ದೇನಲ್ಲ. ಕೂತುಕೊಂಡೆ.

ಚಪ್ಪಲಿ ಮೆಟ್ಟಿಕೊಳ್ಳುವಾಗ ವಿನೋದಾ ಬಾಯಿಯವರು ಬಾಗಿಲಿಗೆ ಬಂದರು. ಇಷ್ಟು ತಿಂಗಳಲ್ಲಿ ಅವರು ನನ್ನೊಡನೆ ನೇರ ಮಾತಾಡಿದ್ದು ಇದೇ ಮೊದಲು.

"ಯಲ್ಲಾಪುರದಲ್ಲಿ ನೀವು ಹೇಳಿದ್ದು ಕೇಳಿ ಆ ದಿನ ನನಗೆ ಊಟ ಸೇರಿತು," ಎಂದರು. "ಆ ಪುಸ್ತಕ ಓದಿದ ವರ್ಷ ಎಷ್ಟೋ ದಿನ ಸೇರಿರಲಿಲ್ಲ. ನಿಮ್ಮ ಮನೆಯವರನ್ನು ಒಂದು ಮಾತು ಕೇಳಿ ಬನ್ನಿ. ಆ ಆಚೆ ದಂಡೆಯ ಮನೆಯಲ್ಲಿ ಚಂಪಾ ಉಂಡ ಮೇಲೆ ಎಂತ ಮಾಡಿದಳು?"

"ಕೇಳಿ ಬಂದು ಹೇಳ್ತೀನ್ರಿ ತಾಯಿ," ಎಂದೆ.

ಮನೆಗೆ ಬಂದು, ಕೂಟದಲ್ಲಿ ಹೇಳಿದ್ದನ್ನೂ ವಿನೋದಾ ಬಾಯಿಯವರು ಕೇಳಿದ್ದನ್ನೂ ಹೇಳಿದೆ. ನೀಲಗಂಗವ್ವ ಎರಡನ್ನೂ ಕೇಳಿಸಿಕೊಂಡಳು. ಮೊದಲನೆಯದಕ್ಕೆ ಒಲೆಗೆ ಇನ್ನೊಂದು ಕಟ್ಟಿಗೆ ಇಟ್ಟಳು. ಎರಡನೆಯದಕ್ಕೆ ಮುಖ ಬೇರೆ ಕಡೆ ತಿರುಗಿಸಿ ಸ್ವಲ್ಪ ನಕ್ಕಳು.

"ಏನು ಮಾಡಿದ್ಲು?" ಎಂದೆ. ನನಗೂ ತಿಳಿಯಬೇಕಿತ್ತು.

"ನಿಮ್ಮ ಕಡೆ ಹೇಳಿ ಕಳಸೂದಿಲ್ಲ," ಎಂದಳು. "ಆ ಬಾಯಿಯವರನ್ನ ಮನೀಗೆ ಕರೀರಿ. ಅವರಿಗೆ ನಾನs ಹೇಳ್ತೀನಿ. ನೀವು ಬೇಕಾದ್ರ ಬಾಗಿಲ ಹತ್ತಿರ ಕೂತು ಕೇಳ್ರಿ."